ಬುಸ್ ಎನ್ನುವ ಸೋಡಾ, ಜಗ್ಗದ ಕಲೆ

"ಕಮೋಡಿಗೆ ಅಡುಗೆ ಸೋಡಾ ಸುರಿದು ವಿನೆಗರ್ ಹೊಯ್ಯಿರಿ, ಹೇಗೆ ಬುಸ್ ಎನ್ನುತ್ತದೆ!" ಎನ್ನುತ್ತಾರೆ ಮಸ್ಕತ್ತಿನ ಸಹಜವಾದಿ. ಬುಸ್ ಎಂದದ್ದೆಲ್ಲ ಕಚ್ಚುವುದಿಲ್ಲ, ಸ್ವಾಮಿ. ಕಮೋಡಿನಲ್ಲಿ ಕೂತ ಗಟ್ಟಿ ಸುಣ್ಣದ ಪಟ್ಟೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಕರಗಿಸುವುದು ಆಮ್ಲ. ಸೋಡಾ ವಿನೆಗರಿನ ಆ ಆಮ್ಲವನ್ನೇ ನುಂಗಿ, ಸೋಡಿಯಂ ಅಸಿಟೇಟ್, ನೀರು, ಗುಳ್ಳೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. "1976ರಿಂದ ನಮ್ಮ ಮಸ್ಕತ್ತಿನ ಘುಬ್ರಾದಲ್ಲಿ ಸಮುದ್ರದ ನೀರು ಸಿಹಿಯಾಗುತ್ತಿದೆ, ಸುಣ್ಣ ಎಲ್ಲಿಂದ ಬಂತು?" ಸಿಹಿಯಾದ ನೀರು ಕೊಳವೆಯನ್ನು ತಿನ್ನದಿರಲೆಂದು ಅದಕ್ಕೆ ಖನಿಜ ಮರಳಿ ಬೆರೆಸುತ್ತಾರೆ. ಒಮಾನಿನ ಸಮೈಲ್ ಬೆಟ್ಟದ ಬಂಡೆ ಇಂಗಾಲದ ಡೈಆಕ್ಸೈಡ್ ಹಿಡಿದು ಕಾರ್ಬೊನೇಟ್ ಆಗುವುದನ್ನು ನೋಡಲು ದೇಶವಿದೇಶದ ವಿಜ್ಞಾನಿಗಳು ಬರುತ್ತಾರೆ. ಅದೇ ಕುಲದ ಕಲ್ಲು ಕಮೋಡಿನಲ್ಲಿ ಬೆಳೆದರೆ ಬರುವುದು ಬ್ರಶ್ ಮಾತ್ರ.

"ಹಾಗಾದರೆ ಒಮಾನಿನ ಒಣನಿಂಬೆ, ಲೂಮಿ ಉಜ್ಜಲೇ?" ಅದು ಸಾರಿಗಿರಲಿ, ಕಪ್ಪು ಬಣ್ಣ ಹೊಸ ಕಲೆ ತಂದೀತು. ಬಟ್ಟಲಿನ ನೀರು ತಗ್ಗಿಸಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಉಜ್ಜಿ. "ಅದೂ ರಾಸಾಯನಿಕವೇ ಅಲ್ಲವೇ?" ಹೌದು, ನೀವು ಕುಡಿಯುವ ನೀರಿನ ಹಾಗೆ. "ತಡವಾಗುತ್ತದೆ, ಚೂರು ಬ್ಲೀಚ್ ಸೇರಿಸಲೇ?" ಬೇಡ, ಆಮ್ಲಕ್ಕೆ ಬ್ಲೀಚ್ ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಆಗ ಕಲೆ ಉಳಿದು ಸಹಜವಾದಿ ಹೋಗಬಹುದು.