ಕೋಟಿ ನೌಕೆಗೆ ಜಾಲರಿಯೇ ಕ್ಯಾಪ್ಟನ್

ದುಬೈ ಮರೀನಾದಲ್ಲಿ ಸಾಲಾಗಿ ಕಟ್ಟಿಹಾಕಿದ ಬಿಳಿ ಯಾಟುಗಳನ್ನು ದಡದಲ್ಲಿ ನಿಂತು ನೋಡುವವರಿಗೆ, ಅವುಗಳ ಒಡೆಯರು ಸದಾ ಗಾಳಿ, ಅಲೆ, ದಿಗಂತಗಳ ಧ್ಯಾನದಲ್ಲೇ ಇರುತ್ತಾರೆ ಅನ್ನಿಸೀತು. ಆಗಸ್ಟ್ ತಿಂಗಳಲ್ಲಿ ಅವರ ಧ್ಯಾನವೆಲ್ಲ ನೆಲಹಲಗೆಯ ಕೆಳಗಿರುತ್ತದೆ. ಅಲ್ಲಿ, ಕತ್ತಲೆಯಲ್ಲಿ, ಬೊಗಸೆಯಷ್ಟು ಗಾತ್ರದ ಒಂದು ಜಾಲರಿಬುಟ್ಟಿ ಕೂತಿದೆ. ಎಸಿಗೆ ಹೋಗುವ ಸಮುದ್ರದ ನೀರನ್ನು ಸೋಸುವುದಷ್ಟೇ ಅದರ ಉದ್ಯೋಗ. ಯಾಟಿನ ಮೇಲೆ ನಿಜವಾದ ಅಧಿಕಾರ ಒಡೆಯನದಲ್ಲ, ಕ್ಯಾಪ್ಟನ್‌ನದೂ ಅಲ್ಲ, ಈ ಬುಟ್ಟಿಯದು ಎಂಬುದು ನನ್ನ ವಾದ.

ಯಾವ ಎಸಿಯೂ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಸೆಕೆಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ, ಅಷ್ಟೆ. ಮನೆಯ ಎಸಿ ಅದನ್ನು ಬೀದಿಗೆ ಚೆಲ್ಲಿದರೆ ಯಾಟಿನ ಎಸಿ ಸಮುದ್ರಕ್ಕೆ ಚೆಲ್ಲುತ್ತದೆ. ಅದಕ್ಕಾಗಿ ನೌಕೆಯ ತಳದಲ್ಲಿ ಬೇಕೆಂದೇ ಒಂದು ತೂತು ಕೊರೆದಿರುತ್ತಾರೆ. ಅಲ್ಲಿಂದ ಬಂದ ನೀರು ವಾಲ್ವು ದಾಟಿ, ಜಾಲರಿ ದಾಟಿ, ಪಂಪಿನಿಂದ ಕಂಡೆನ್ಸರಿನ ಕೊಳವೆ ಹೊಕ್ಕು, ಶಾಖ ಹೊತ್ತುಕೊಂಡು ಪಕ್ಕದ ರಂಧ್ರದಿಂದ ಹೊರಬೀಳುತ್ತದೆ. ಪಳಗಿದ ಸಿಬ್ಬಂದಿ ಬೆಳಿಗ್ಗೆ ಎದ್ದು ಮೊದಲು ನೋಡುವುದು ಸೂರ್ಯೋದಯವನ್ನಲ್ಲ, ಆ ಧಾರೆಯನ್ನು. ಧಾರೆ ಸಣ್ಣದಾಯಿತೆಂದರೆ ಬುಟ್ಟಿಗೆ ಪಾಚಿಯೋ ಪ್ಲಾಸ್ಟಿಕ್ ಚೀಲದ ಚೂರೋ ಲೋಳೆಮೀನೋ ಸಿಕ್ಕಿದೆ, ಇಲ್ಲವೇ ತಳದ ತೂತಿನಲ್ಲಿ ಚಿಪ್ಪುಜೀವಿಗಳು ಬಾಡಿಗೆ ಕೊಡದೆ ಬಿಡಾರ ಹೂಡಿವೆ ಎಂದರ್ಥ. ನೀರಿಲ್ಲದೆ ಒತ್ತಡ ಏರಿದಾಗ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಂತುಬಿಡುತ್ತದೆ. ಕೂಡಲೇ ಒಡೆಯ ‘ಗ್ಯಾಸ್ ಖಾಲಿಯಾಗಿದೆ’ ಎಂದು ತೀರ್ಪು ಕೊಡುತ್ತಾನೆ. ಪಾಪ, ಸೋರಿಕೆಯಿಲ್ಲದ ಗ್ಯಾಸ್ ಖಾಲಿಯಾಗುವುದು ಹೇಗೆ? ತಪ್ಪು ಲೋಳೆಮೀನಿನದು, ಶಿಕ್ಷೆ ಗ್ಯಾಸಿಗೆ.

ದೊಡ್ಡ ಎಸಿ ಹಾಕಿಸಿದರೆ ಈ ಗೋಳು ತಪ್ಪುವುದಿಲ್ಲವೇ ಎಂದು ಕೇಳುವವರಿದ್ದಾರೆ. ದುಡ್ಡಿರುವವರಿಗೆ ಇದು ಸಹಜವಾಗಿ ಹೊಳೆಯುವ ಪರಿಹಾರ. ಆದರೆ ದೊಡ್ಡ ಯಂತ್ರಕ್ಕೆ ನೀರೂ ಹೆಚ್ಚು ಬೇಕು, ಅಂದರೆ ಬುಟ್ಟಿಯ ದರ್ಬಾರು ಇನ್ನಷ್ಟು ಹೆಚ್ಚುತ್ತದೆ. ಮೇಲಾಗಿ 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ತನ್ನ ಯಂತ್ರ ರೂಪಿಸಿದ್ದು ಮನುಷ್ಯರ ಬೆವರು ಒರೆಸಲಿಕ್ಕಲ್ಲ, ಕಾಗದಕ್ಕೆ ತಟ್ಟುತ್ತಿದ್ದ ತೇವ ಕಳೆಯಲಿಕ್ಕೆ. ತೇವ ಇಳಿಯಬೇಕಾದರೆ ಯಂತ್ರ ಸಾವಧಾನವಾಗಿ ಓಡುತ್ತಿರಬೇಕು. ಅತಿ ದೊಡ್ಡದು ಐದು ನಿಮಿಷದಲ್ಲಿ ಕೋಣೆಯನ್ನು ನಡುಗಿಸಿ ನಿಲ್ಲುತ್ತದೆ. ತೇವ ಅಲ್ಲೇ ಉಳಿದು ದಿಂಬುಗಳಲ್ಲಿ ಬೂಷ್ಟು ಬೆಳೆಯುತ್ತದೆ. ಹಾಗಾದರೆ ಕಿಟಕಿ ತೆರೆಯಿರಿ, ಸಮುದ್ರದ ಗಾಳಿ ಪುಕ್ಕಟೆಯಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಹಾಯಿ ಬಿಚ್ಚಿ ಸಾಗುತ್ತಿರುವವರಿಗೆ ಈ ಮಾತು ಒಪ್ಪುತ್ತದೆ. ಬೇಸಿಗೆಯ ಕೊಲ್ಲಿಯಲ್ಲಿ ಕಟ್ಟಿಹಾಕಿದ ನೌಕೆಗೆ ಬೀಸುವ ಗಾಳಿಯಾದರೋ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವಂಥದು. ನೀರೇ 33 ಡಿಗ್ರಿ ದಾಟುವ ದಿನಗಳಲ್ಲಿ ಅದಕ್ಕೆ ಸೆಕೆ ದಾಟಿಸಲು ಎಸಿಯೇ ಏದುಸಿರು ಬಿಡುತ್ತದೆ.

ಫ್ರಿಜ್ಜಿನ ವಿಷಯದಲ್ಲೂ ಸಣ್ಣವರದೇ ಆಳ್ವಿಕೆ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಬಾಸ್ಟನ್ನಿನಿಂದ ಕಲ್ಕತ್ತೆಗೆ ‘ಟಸ್ಕನಿ’ ಹಡಗಿನಲ್ಲಿ 180 ಟನ್ ಐಸು ಕಳಿಸಿದ. ನಾಲ್ಕು ತಿಂಗಳ ಪಯಣದಲ್ಲಿ, ಎರಡು ಬಾರಿ ಭೂಮಧ್ಯರೇಖೆ ದಾಟಿಯೂ ಸುಮಾರು 100 ಟನ್ ಕರಗದೆ ಉಳಿಯಿತು. ಕಂಪ್ರೆಸರ್ ಇಲ್ಲ, ಬ್ಯಾಟರಿ ಇಲ್ಲ, ಶಾಖ ತಡೆಯುವ ಭದ್ರವಾದ ಹೊದಿಕೆಯಷ್ಟೇ ಇತ್ತು. ಇಂದಿನ ಯಾಟಿನ 12 ವೋಲ್ಟಿನ ಪುಟ್ಟ ಕಂಪ್ರೆಸರ್ ಓಡುವಾಗ ನಾಲ್ಕೈದು ಆಂಪ್ಸ್ ಎಳೆಯುತ್ತದೆ. ಎಷ್ಟು ಹೊತ್ತು ಎಳೆಯುತ್ತದೆ ಎಂಬುದು ಪೆಟ್ಟಿಗೆಯ ಗುಣಕ್ಕೆ ಬಿಟ್ಟದ್ದು. ಮುಂದೆ ಬಾಗಿಲಿರುವ ಫ್ರಿಜ್ಜನ್ನು ತೆರೆದಾಗಲೆಲ್ಲ ಭಾರದ ತಂಪುಗಾಳಿ ಜಾರಿ ಕಾಲಿಗೆ ಬೀಳುತ್ತದೆ. ಮೇಲೆ ಮುಚ್ಚಳವಿದ್ದರೆ ಒಳಗೇ ನಿಲ್ಲುತ್ತದೆ. ಮುಚ್ಚಳದ ರಬ್ಬರು ಸಡಿಲವಾಗಿದೆಯೇ ಎಂದು ತಿಳಿಯಲು ತಜ್ಞರು ಬೇಡ. ಒಂದು ಕಾಗದದ ಚೀಟಿ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಸಲೀಸಾಗಿ ಈಚೆ ಬಂದರೆ ನಿಮ್ಮ ಬ್ಯಾಟರಿಯೂ ಅದೇ ಸಂದಿಯಲ್ಲಿ ಸೋರುತ್ತಿದೆ.

ಇದಕ್ಕೆಲ್ಲ ಆಳುಗಳಿರುತ್ತಾರಲ್ಲ ಎಂದು ನೀವು ಹೇಳಬಹುದು. ಇರುತ್ತಾರೆ, ಆದರೆ ಸಂಬಳ ಕೊಟ್ಟ ಮಾತ್ರಕ್ಕೆ ಅವರ ತೋಳು ಉದ್ದವಾಗುವುದಿಲ್ಲ. ಎಷ್ಟೋ ನೌಕೆಗಳಲ್ಲಿ ವಿನ್ಯಾಸಕಾರರು ಬಾರ್ ಕೌಂಟರಿಗೆ ವಿಶಾಲ ಜಾಗ ಕೊಟ್ಟು ಬುಟ್ಟಿಯನ್ನು ಎಂಜಿನ್ನಿನ ಹಿಂದೆ ತುರುಕಿರುತ್ತಾರೆ. ಕೈಗೆಟುಕದ ಬುಟ್ಟಿಯನ್ನು ಯಾರೂ ತೊಳೆಯುವುದಿಲ್ಲ. ಆದ್ದರಿಂದ ಯಾಟು ಕೊಳ್ಳುವ ಯೋಗವಿರುವವರಿಗೆ ನನ್ನದೊಂದೇ ಸಲಹೆ: ಮಲಗುವ ಕೋಣೆಯನ್ನು ಆಮೇಲೆ ನೋಡಿ, ಮೊದಲು ನೆಲಹಲಗೆ ಎತ್ತಿ ಕೈಚಾಚಿ. ಬುಟ್ಟಿ ಸಿಕ್ಕರೆ ಬೆಲೆ ಮಾತಾಡಿ. ಸಿಗದಿದ್ದರೆ ಮಾರುವವನಿಗೆ ನಮಸ್ಕಾರ ಹೇಳಿ ಹೊರಡಿ. ಅಲ್ಲಿ ರೇಷ್ಮೆ ಹಾಸಿಗೆಯ ಮೇಲೆ ಮಲಗಿಯೂ ಬೆವರುವ ಭಾಗ್ಯ ಬೇರೆಯವರಿಗಿರಲಿ.