ನಾನು ಮಾಡ್ತೀನಿ ಬಿಡು

ಕೆಲಸಗಳ್ಳರ ಜೊತೆ ಹೇಗೋ ಏಗಬಹುದು. ಊರಿನ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಳ್ಳುವ ಗೃಹಸ್ಥನ ಜೊತೆ ಏಗುವುದು ಕಷ್ಟ. ನೀವು ಚೀಲ ಎತ್ತಲು ಬಗ್ಗುವಷ್ಟರಲ್ಲಿ ಅವನ ಕೈ ಅದರ ಮೇಲಿರುತ್ತದೆ: ‘ನಾನು ಮಾಡ್ತೀನಿ ಬಿಡು.’ ಅಷ್ಟರಲ್ಲಿ ಫೋನು ಬರುತ್ತದೆ. ಚೀಲ ಅಲ್ಲೇ ಉಳಿಯುತ್ತದೆ. ಬೈಯೋಣವೆಂದರೆ, ಪಾಪ, ಬೆಳಗಿನಿಂದ ಕೂತವನಲ್ಲ. ಹೊಗಳೋಣವೆಂದರೆ ಚೀಲ ಎದುರಿಗೇ ಇದೆ.

ನನ್ನ ಪಾಲಿಗೆ ಬಂದಿರುವವರು ನನ್ನ ಭಾವ. ವಾಸ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಅರ್ವೈನ್ ಎಂಬ ಊರು. ಹಗಲೆಲ್ಲ ಆಫೀಸು, ರಾತ್ರಿ ಒಂಬತ್ತಕ್ಕೆ, ಬೆಂಗಳೂರಿನವರು ಕಾಫಿ ಕುಡಿದು ಕೂರುವ ಹೊತ್ತಿಗೆ, ಅವರ ಜೊತೆ ಮೀಟಿಂಗು. ಶನಿವಾರ ಮಗಳ ಈಜು, ಭಾನುವಾರ ಮಗನ ಕನ್ನಡ ಕ್ಲಾಸು. ಕನ್ನಡ ಕೂಟದ ಯುಗಾದಿಗೆ ಒಬ್ಬಟ್ಟಿನ ಲೆಕ್ಕ ಇವರದೇ, ರಾಜ್ಯೋತ್ಸವಕ್ಕೆ ಮೈಕೂ ಇವರದೇ. ಯಾರದೋ ಅತ್ತೆ ಮಾವ ಊರಿನಿಂದ ಬಂದಿಳಿದರೆ ಏರ್‌ಪೋರ್ಟಿನಲ್ಲಿ ನಿಂತಿರುವವರೂ ಇವರೇ.

ಅವರ ಮನೆಯಲ್ಲಿ ನನಗೆ ಕೊಟ್ಟ ಕೋಣೆಯ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಹಗಲಲ್ಲಿ ಕೇಳಿಸದು. ರಾತ್ರಿ ಜೆಟ್ ಲ್ಯಾಗಿನಲ್ಲಿ ಕಣ್ಣು ಬಿಟ್ಟು ಮಲಗಿದವರಿಗೆ ಬೇರೇನೂ ಕೇಳಿಸದು. ಪ್ಲಂಬರ್ ಕರೆಸೋಣವೇ ಎಂದೆ. ಭಾವ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ ಅವರ ಮನೆತನದ ಮೇಲೇ ಮಾತು ಬಂದಂತಿತ್ತು. ‘ಐದು ಡಾಲರಿನ ವಾಷರು. ಶನಿವಾರ ನಾನು ಮಾಡ್ತೀನಿ ಬಿಡು.’ ಶನಿವಾರ ನೀರು ನಿಲ್ಲಿಸಿದರು, ನಲ್ಲಿ ಬಿಚ್ಚಿದರು, ತಂದ ವಾಷರು ಕೂರಲಿಲ್ಲ, ಫೋನು ಬಂತು. ಬಿಚ್ಚಿದ ನಲ್ಲಿ ಊಟದ ಮೇಜಿನ ಮೇಲೆ ಪೇಪರು ಹಾಸಿಕೊಂಡು ಮಲಗಿತು. ಸಾರಿನ ಪಾತ್ರೆಯನ್ನು ಅದರ ಪಕ್ಕದಲ್ಲೇ ಜರುಗಿಸಿ ಉಂಡೆವು. ನಾನು ಬ್ರಷ್ಷು ಹಿಡಿದು ಮಕ್ಕಳ ಬಚ್ಚಲಿನ ಮುಂದೆ ಸಾಲು ನಿಂತೆ, ನನ್ನ ಮುಂದೆ ಹತ್ತು ವರ್ಷದ ಅಳಿಯದೇವರು. ಮುಂದಿನ ವಾರ ನಲ್ಲಿ ತನ್ನ ಜಾಗಕ್ಕೆ ಮರಳಿತು, ಮೊದಲಿಗಿಂತ ಚುರುಕಾಗಿ ತೊಟ್ಟಿಕ್ಕಿತು. ಇದನ್ನೂ ಕ್ಷಮಿಸುತ್ತಿದ್ದೆ. ಅದೇ ಸಂಜೆ ಎರಡು ಬೀದಿ ಆಚೆಯ ಗೆಳೆಯರೊಬ್ಬರು ತಮ್ಮ ನಲ್ಲಿಯೂ ಸೋರುತ್ತಿದೆ ಎಂದರು. ಭಾವ ಸ್ಪ್ಯಾನರು ಹಿಡಿದು ಹೊರಟವರು ಅರ್ಧ ಗಂಟೆಯಲ್ಲಿ ರಿಪೇರಿ ಮುಗಿಸಿ, ಅವರು ಕೊಟ್ಟ ಚಕ್ಕುಲಿ ಸಮೇತ ಮರಳಿದರು.

ಅಂದು ಅಕ್ಕ ಬೇಕೆಂದೇ ‘ಮಲ್ಟಿಪ್ಲಿಸಿಟಿ’ ಸಿನಿಮಾ ಹಾಕಿದಳು. 1996ರದು. ನಿರ್ದೇಶಕ ಹೆರಾಲ್ಡ್ ರೇಮಿಸ್. 1993ರ ‘ಗ್ರೌಂಡ್‌ಹಾಗ್ ಡೇ’ಯಲ್ಲಿ ಒಬ್ಬನನ್ನು ಒಂದೇ ದಿನದಲ್ಲಿ ಸಿಕ್ಕಿಹಾಕಿಸಿ, ಕಳೆದರೂ ಕಳೆಯದಷ್ಟು ಸಮಯ ಕೊಟ್ಟವರು ಇಲ್ಲಿ ಸಮಯವೇ ಸಾಲದವನನ್ನು ಹಿಡಿದಿದ್ದಾರೆ. ಡಗ್ ಕಿನ್ನಿ ಲಾಸ್ ಏಂಜಲೀಸಿನ ಕಟ್ಟಡ ಕಂಟ್ರಾಕ್ಟರು. ಊರವರಿಗೆಲ್ಲ ಕಟ್ಟಿಕೊಡುತ್ತಾನೆ, ತನ್ನ ಮನೆಯ ರಿಪೇರಿ ಹಾಗೇ ಬಿದ್ದಿದೆ. ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ.

ಒಬ್ಬ ವಿಜ್ಞಾನಿ ಡಗ್‌ನ ನಕಲು ತೆಗೆದುಕೊಡುತ್ತಾನೆ, ನೆನಪು ಸಮೇತ. ಎರಡನೆಯವನು ಆಫೀಸಿಗೆ ಹೋಗುವ ಗಡುಸು ಗಂಡಸು. ಮೂರನೆಯವನು ಅಡುಗೆಮನೆಯಲ್ಲಿ ಉಳಿದ ತಿನಿಸನ್ನು ಮುತುವರ್ಜಿಯಿಂದ ಸುತ್ತಿಡುವ ಮೃದು ಜೀವಿ. ಈ ಇಬ್ಬರಿಗೂ ಪುರುಸೊತ್ತು ಸಾಲದೆ ನಾಲ್ಕನೆಯವನನ್ನು ಮಾಡಿಸುತ್ತಾರೆ. ಅವನು ನಕಲಿನ ನಕಲು; ಯಜಮಾನನನ್ನು ‘ಸ್ಟೀವ್’ ಎಂದು ಕರೆಯುತ್ತಾನೆ, ಪರ್ಸಿನಲ್ಲಿ ಪಿಜ್ಜಾ ಇಟ್ಟುಕೊಳ್ಳುತ್ತಾನೆ. ನಾಲ್ವರೂ ಮೈಕೆಲ್ ಕೀಟನ್ನೇ. ಭುಜದ ನಿಲುವಿನಲ್ಲೇ ಯಾರು ಯಾರೆಂದು ಗೊತ್ತಾಗುತ್ತದೆ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಅದನ್ನು ನೋಡಬೇಕಾದವರಿಗೆ ಸಿನಿಮಾಕ್ಕೆ ಹೋಗಲು ಎಲ್ಲಿ ಬಿಡುವಿತ್ತು!

ಭಾವನಿಗೆ ವಿಚಾರ ಹಿಡಿಸಿತು. ‘ಇದು ನಿಜಕ್ಕೂ ಬಂದರೆ ಎಷ್ಟು ಚೆನ್ನ!’ ನಾನು ಸುಮ್ಮನಿರಬಹುದಿತ್ತು. ಆದರೆ ರಾತ್ರಿಯೆಲ್ಲ ನಲ್ಲಿ ಕೇಳಿದವರಿಗೆ ತಾಳ್ಮೆ ಕಡಿಮೆ. ಬಂದೇ ಇತ್ತಲ್ಲ ಭಾವ, ಎಂದೆ. ಈ ಚಿತ್ರ ಬಿಡುಗಡೆಯಾದದ್ದು ಜುಲೈ 17ಕ್ಕೆ. ಅದೇ ಜುಲೈ 5ರಂದು ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಡಾಲಿ ಕುರಿ ಹುಟ್ಟಿಯಾಗಿತ್ತು. ಲೋಕಕ್ಕೆ ತಿಳಿಸಿದ್ದು ಮಾತ್ರ ಮರುವರ್ಷದ ಫೆಬ್ರವರಿಯಲ್ಲಿ. ಬೆಳೆದ ಕುರಿಯ ಕೆಚ್ಚಲಿನ ಒಂದು ಜೀವಕೋಶ, ಒಟ್ಟು 277 ಪ್ರಯತ್ನ, ಕೈಗೆ ಸಿಕ್ಕಿದ್ದು ಒಂದು ಮರಿ. ಮರಿ! ನಿಮ್ಮ ನಕಲೂ ತೊಟ್ಟಿಲಲ್ಲೇ ಶುರುವಾಗಬೇಕು. ಅದಕ್ಕೆ ಡಯಪರು, ಲಸಿಕೆ, ಈಜು, ಕನ್ನಡ ಕ್ಲಾಸು. ನಿಮ್ಮ ಬದಲು ಏರ್‌ಪೋರ್ಟಿಗೆ ಕಾರು ಓಡಿಸಲು ಹದಿನಾರು ವರ್ಷ ಕಾಯಬೇಕು.

‘ಮತ್ತೊಂದು ಬಾಣಂತನ ನನ್ನ ಕೈಲಾಗಲ್ಲ,’ ಎಂದಳು ಅಕ್ಕ.

ಆಮೇಲೆ ಅವಳೇ ಹೇಳಿದ ಮಾತು ನನ್ನ ಕುಹಕವನ್ನೆಲ್ಲ ಸಪ್ಪೆ ಮಾಡಿತು. ‘ನಮ್ಮ ಪುರಾಣದಲ್ಲಿ ನಕಲು ಮಾಡಿಟ್ಟು ಹೋದವಳು ಹೆಂಡತಿ. ಗಂಡನ ಉರಿ ತಾಳಲಾರದೆ ಸಂಜ್ಞಾದೇವಿ ತನ್ನ ನೆರಳನ್ನೇ ಛಾಯೆಯಾಗಿ ಮನೆಯಲ್ಲಿಟ್ಟು ಹೊರಟುಹೋದಳು. ಲೋಕಕ್ಕೆಲ್ಲ ಬೆಳಕು ಕೊಡುವ ಸೂರ್ಯನಿಗೆ ಎಷ್ಟೋ ಕಾಲ ಅದು ಗೊತ್ತೇ ಆಗಲಿಲ್ಲ.’ ಸಿನಿಮಾದಲ್ಲಿ ಡಗ್‌ನ ಹೆಂಡತಿ ಲಾರಾ ಕೂಡ ಕೆಲಸಕ್ಕೆ ಮರಳಬೇಕೆಂದು ಕಾದವಳು. ಅವಳಿಗೆ ಒಂದು ನಕಲು ಬೇಕೇ ಎಂದು ವಿಜ್ಞಾನಿ ಕೇಳುವುದಿಲ್ಲ. ಅಕ್ಕನೂ ಆಫೀಸಿಗೆ ಹೋಗುವವಳು. ಭಾವ ಹೊತ್ತ ಭಾರವೆಲ್ಲ ದಾರಿಯಲ್ಲಿ ಎಲ್ಲಿ ಇಳಿಯುತ್ತದೆಂದು ನಾನೂ ಯೋಚಿಸಿರಲಿಲ್ಲ. ತಮ್ಮ ಮನೆಯ ಬಚ್ಚಲನ್ನು ಮರೆತು ಊರಿನವರ ಬಚ್ಚಲಿಗೆ ಓಡುವವರಿಗೆ ಅಲ್ಲಿ ಚಕ್ಕುಲಿ ಸಿಗುತ್ತದೆ, ‘ನೀವಿಲ್ಲದಿದ್ದರೆ ನಮ್ಮ ಗತಿ ಏನು’ ಎಂಬ ಮಾತೂ ಸಿಗುತ್ತದೆ. ಇಪ್ಪತ್ತು ವರ್ಷ ಪರದೇಶದಲ್ಲಿದ್ದವರಿಗೆ ಆ ಮಾತು ಬೇಕಾಗುತ್ತದೋ ಏನೋ. ಡಗ್ ಕೂಡ ಕೆಲಸವನ್ನೆಲ್ಲ ಹಂಚಿಕೊಟ್ಟ ಮೇಲೆ ತನ್ನ ಮನೆಯೊಳಗೆ ತನಗೇ ಜಾಗ ಹುಡುಕುತ್ತಾನೆ.

ಚಿತ್ರ ಮುಗಿಯಿತು. ನಕಲುಗಳು ಮೂವರೂ ಫ್ಲಾರಿಡಾಕ್ಕೆ ಹೋಗಿ ಪಿಜ್ಜಾ ಅಂಗಡಿ ಇಟ್ಟರು. ಒಂಬತ್ತಕ್ಕೆ ಇನ್ನೂ ಎರಡು ನಿಮಿಷವಿತ್ತು. ಭಾವ ಲ್ಯಾಪ್‌ಟಾಪ್ ತೆರೆಯುತ್ತಿದ್ದರು. ಅಕ್ಕ ಕೇಳಿದಳು: ‘ರೀ, ನಿಮಗೆ ಕೊಟ್ಟರೆ ಯಾವುದು ಬೇಕು? ಆಫೀಸಿನವನೋ, ಅಡುಗೆಯವನೋ?’

ಭಾವ ನಿಜಕ್ಕೂ ಯೋಚಿಸಿದರು.

‘ಬೇರೆ ನಕಲು ಯಾಕೆ? ನಾನೇ ಆ ನಾಲ್ಕನೆಯವನಾಗಿಬಿಡ್ತೀನಿ,’ ಎಂದರು. ‘ಅವನಿಗೆ ಯಾರೂ ಕೆಲಸ ಹೇಳಲ್ಲ.’