ಗ್ರಾಮಿಗೆ ಇಷ್ಟು ರೂಪಾಯಿ

ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದರೆ ಒಂದಷ್ಟು ಗ್ರಾಂ ಉಳಿಯುತ್ತದೆ. ಸೋಪನ್ನು ಹೋಳು ಮಾಡಿದರೆ ಇನ್ನೊಂದಷ್ಟು. ಅಂಗಿಯ ಕಾಲರಿನ ಲೇಬಲ್ ಕಿತ್ತದ್ದು ತಕ್ಕಡಿಗೆ ತಿಳಿಯುವುದಿಲ್ಲ, ಮನಸ್ಸಿಗೆ ಮಾತ್ರ ತಿಳಿಯುತ್ತದೆ. ಹೀಗೆ ಶುಕ್ರವಾರ ರಾತ್ರಿ ನಿದ್ದೆಗೆಟ್ಟು ಗ್ರಾಂ ಉಳಿಸಿದ ಬೆಂಗಳೂರಿನ ಚಾರಣಿಗ ಶನಿವಾರ ಸಾವನದುರ್ಗಕ್ಕೆ ಹೊರಡುತ್ತಾನೆ. ಸುತ್ತು ಬಳಸಾದರೂ ಸರಿ ಎಂದು ಬಿಡದಿಗೆ ಹೋಗಿ, ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ನಾಲ್ಕು ಇಳಿಸುತ್ತಾನೆ. ಆ ಭಾರ ಲೆಕ್ಕಕ್ಕಿಲ್ಲ. ಅದು ಬ್ಯಾಗಿನಲ್ಲಿಲ್ಲವಲ್ಲ.

ಈ ಪಂಥಕ್ಕೆ ತನ್ನದೇ ಶಾಸ್ತ್ರವಿದೆ. ಅನ್ನ, ನೀರು, ಇಂಧನ ಬಿಟ್ಟು ಉಳಿದ ಸಾಮಾನಿನ ತೂಕಕ್ಕೆ ‘ಬೇಸ್ ವೇಟ್’ ಎನ್ನುತ್ತಾರೆ. ಅದು ಹತ್ತು ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಕಿಲೋಗಿಂತ ಕೆಳಗಿಳಿದರೆ ನೀವು ‘ಅಲ್ಟ್ರಾಲೈಟ್’. ಮೇಲಿದ್ದರೆ ಶೂದ್ರರು. ಇಬ್ಬರು ಮಲಗುವ ಸಾಧಾರಣ ಡೋಮ್ ಟೆಂಟ್ ಎರಡೂವರೆ-ಮೂರು ಕಿಲೋ ತೂಗುತ್ತದೆ. ಕಿಲೋ ಆಸುಪಾಸಿನದೂ ಸಿಗುತ್ತದೆ, ಬೆಲೆ ಮಾತ್ರ ಹಲವು ಪಟ್ಟು. ಬಟ್ಟೆ ತೆಳುವಾದಷ್ಟೂ ಬಿಲ್ಲು ದಪ್ಪ. ಸಾಮಾನು ಕಡಿಮೆ ಕೊಟ್ಟು ದುಡ್ಡು ಹೆಚ್ಚು ಇಸಕೊಳ್ಳುವುದನ್ನು ಸಂತೆಯಲ್ಲಿ ಮೋಸ ಅನ್ನುತ್ತಿದ್ದರು. ಮಾಲಿನಲ್ಲಿ ಅದಕ್ಕೆ ತಂತ್ರಜ್ಞಾನ ಅಂತ ಹೆಸರು.

ಇರಲಿ, ಹಗುರ ಟೆಂಟು ಕೊಂಡಾಯಿತು. ಹಾಕುವುದೆಲ್ಲಿ? ಸಾವನದುರ್ಗದ ಎತ್ತರ ಸಮುದ್ರಮಟ್ಟದಿಂದ 1,226 ಮೀಟರ್, ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದು ಎಂಬ ಹೆಸರಿದೆ. ಎಲ್ಲ ನಿಜ, ಆದರೆ ಬೆಳಿಗ್ಗೆ ಹತ್ತಿದವರು ಮಧ್ಯಾಹ್ನದ ಊಟಕ್ಕೆ ಪಕ್ಕದ ಮಾಗಡಿಯಲ್ಲಿರಬಹುದು. ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ರಾಮದೇವರ ಬೆಟ್ಟವಂತೂ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ಟೆಂಟು ಬಿಡಿ, ಸಂಜೆಯ ಮೇಲೆ ನಿಮ್ಮನ್ನೇ ಇರಗೊಡುವುದಿಲ್ಲ. ‘ಶೋಲೆ’ ಕಾಲದಲ್ಲಿ ಗಬ್ಬರ್‌ಸಿಂಗನ ಕಡೆಯವರು ಇದೇ ಬಂಡೆಗಳ ಮೇಲೆ ಹಾಗೇ ಬಿದ್ದುಕೊಂಡಿದ್ದರು, ಗಾಳಿ ತುಂಬುವ ಹಾಸಿಗೆ ಇಲ್ಲವೆಂದು ಯಾರೂ ಗ್ಯಾಂಗ್ ಬಿಡಲಿಲ್ಲ. ಹೀಗಾಗಿ ಆ ದುಬಾರಿ ಟೆಂಟು ಬೆಟ್ಟ ಹತ್ತುತ್ತದೆ, ಫೋಟೋಗೆ ನಿಲ್ಲುತ್ತದೆ, ಮಡಿಕೆ ಬಿಚ್ಚದೆ ಇಳಿಯುತ್ತದೆ.

ಇನ್ನೊಂದು ಪಂಗಡ ಇದಕ್ಕೆ ತದ್ವಿರುದ್ಧ. ಹಿಮಾಲಯಕ್ಕೆಂದು ಕೊಂಡ ಅರವತ್ತೈದು ಲೀಟರಿನ ಬ್ಯಾಗನ್ನು ಇಲ್ಲಿಯೂ ಹೊರುವವರು. ಬ್ಯಾಗು ಖಾಲಿ ಕಾಣಬಾರದೆಂದು ಸ್ಟೌ, ಪಾತ್ರೆ, ಮಡಚುವ ಕುರ್ಚಿ, ಬ್ಲೂಟೂತ್ ಸ್ಪೀಕರ್. ಅಂಥವನೊಬ್ಬ ಏದುಸಿರು ಬಿಡುತ್ತ ಬೆಟ್ಟದ ಬುಡದಲ್ಲಿ ನಿಂತಾಗ ಸೌತೆಕಾಯಿ ಹೆಚ್ಚಿ ಉಪ್ಪುಕಾರ ಸವರುತ್ತಿದ್ದ ಅಜ್ಜಿ ಕೇಳಿದಳು: ‘ಏನಪ್ಪ, ಮನೆ ಖಾಲಿ ಮಾಡ್ಸುಬುಟ್ರಾ?’

‘ಇಲ್ಲಜ್ಜಿ, ಟ್ರೆಕ್ಕಿಂಗು.’

‘ಅಂಗಾರೆ ಇದ್ನೆಲ್ಲ ಇಲ್ಲೇ ಇಟ್ಟೋಗು, ನಾನ್ ನೋಡ್ಕತೀನಿ. ಇಪ್ಪತ್ ರುಪಾಯ್ ಕೊಡು.’

ಹಗುರ ಸಾಮಾನಿನ ಬಗ್ಗೆ ಬರೆದ ಯಾವ ಪಂಡಿತನೂ ಇಷ್ಟು ಅಗ್ಗದ ಪರಿಹಾರ ಹೇಳಿಲ್ಲ.

ಗಂಭೀರವಾಗಿಯೇ ಕೇಳುವವರಿಗೆ ಒಂದೆರಡು ಮಾತು. ನಮ್ಮ ಬೆಟ್ಟಗಳಲ್ಲಿ ಭಾರವೆಂದರೆ ನೀರು. ಬಿಸಿಲಿಗೆ ಕಾದ ಬರಿಬಂಡೆ, ಮೇಲೆ ನೆರಳಿಲ್ಲ, ಮೂರು ಲೀಟರ್ ಬೇಕೇ ಬೇಕು. ಮೂರು ಲೀಟರೆಂದರೆ ಮೂರು ಕಿಲೋ. ನೀರನ್ನು ಹಗುರ ಮಾಡುವ ಕಂಪನಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅದಕ್ಕೂ ಇಎಂಐ ಇರುತ್ತಿತ್ತು. ಎರಡನೆಯದು ಸೊಂಟದ ಪಟ್ಟಿ. ಒಳ್ಳೆಯ ಪಟ್ಟಿ ಹೆಗಲ ಭಾರವನ್ನು ಸೊಂಟಕ್ಕೆ ಇಳಿಸುತ್ತದೆ. ಗ್ರಾಂ ಉಳಿಸುವ ಆತುರದಲ್ಲಿ ಮೊದಲು ಕತ್ತರಿ ಬೀಳುವುದೇ ಅದಕ್ಕೆ. ಪಟ್ಟಿ ಇಲ್ಲದ ಹಗುರ ಬ್ಯಾಗಿಗಿಂತ ಪಟ್ಟಿ ಇರುವ ಒಂದು ಕಿಲೋ ಹೆಚ್ಚಿನ ಬ್ಯಾಗೇ ಸಂಜೆ ಹೊತ್ತಿಗೆ ಹಗುರ ಅನ್ನಿಸುತ್ತದೆ. ಇನ್ನು ಆ ಜೇಡರ ಬಲೆಯಂಥ ನೈಲಾನು ನಮ್ಮ ಕಗ್ಗಲ್ಲಿಗೆ ಒಮ್ಮೆ ಉಜ್ಜಿದರೆ, ಲಂಟಾನದ ಪೊದೆಗೆ ಒಮ್ಮೆ ಸಿಕ್ಕಿದರೆ ಮುಗಿಯಿತು. ಉಳಿಸಿದ ಗ್ರಾಂ ತೇಪೆಯಾಗಿ ಮರಳಿ ಬರುತ್ತದೆ. ದಪ್ಪ ಬಟ್ಟೆಯ ಹಳೇ ಬ್ಯಾಗನ್ನು ಮಗಳು, ಅಳಿಯ, ಅಳಿಯನ ತಮ್ಮ ಎಲ್ಲರೂ ಹೊತ್ತು ಮುಗಿಸಿದ ಮೇಲೂ ತರಕಾರಿ ತರಲು ಬಳಸಬಹುದು. ದುಡ್ಡು ಸುರಿಯಲೇಬೇಕೆಂದರೆ ಶೂಗೆ ಸುರಿಯಿರಿ. ಪಾದದ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ನಾಲ್ಕೈದು ಕಿಲೋಗೆ ಸಮ ಎಂಬುದು ಚಾರಣಿಗರ ಹಳೇ ಲೆಕ್ಕ. ಸುರಿಯದೆಯೂ ನಡೆಯಬಹುದು. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಮೈಲಿಯ ಅಪಲೇಚಿಯನ್ ಹಾದಿ ನಡೆದಳು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾನೇ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪರದೆ. ಇವತ್ತು ಆಕೆಯನ್ನು ಅಲ್ಟ್ರಾಲೈಟ್ ಪಂಥದ ಆದಿಗುರು ಅನ್ನುತ್ತಾರೆ. ಗುರುವಿನ ಪರದೆಯ ಬೆಲೆ ಎಷ್ಟಿತ್ತೆಂದು ಶಿಷ್ಯರು ಕೇಳುವುದಿಲ್ಲ.

ಗ್ರಾಮಿನ ಚಿಂತೆ ಈ ಬೆಟ್ಟಗಳಿರುವ ರಾಮನಗರಕ್ಕೆ ಹೊಸದಲ್ಲ. (ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ವೆಂದು ಹೆಸರಿಟ್ಟಿದ್ದಾರೆ. ರೇಷ್ಮೆಗೂಡಿಗೆ ಇನ್ನೂ ಯಾರೂ ಹೇಳಿಲ್ಲ.) ಚಾರಣಿಗನ ಕಾರು ಪೇಟೆ ದಾಟುವ ಹೊತ್ತಿಗೇ ಗೂಡಿನ ಮಾರುಕಟ್ಟೆಗೆ ರೈತರು ಚೀಲ ಇಳಿಸುತ್ತಿರುತ್ತಾರೆ. ಗೂಡು ಹಗುರವಾದ ವಸ್ತು. ಒಂದು ಕಿಲೋ ನೂಲಿಗೆ ಆರೆಂಟು ಕಿಲೋ ಗೂಡು ಬೇಕು. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಮೇಲೆ ಮಾರಲು ತಡವಾದಷ್ಟೂ ಒಣಗುತ್ತ ತೂಕ ಕಳೆದುಕೊಳ್ಳುತ್ತದೆ, ಇನ್ನೂ ತಡವಾದರೆ ಚಿಟ್ಟೆಯೇ ಕೊರೆದು ಹೊರಗೆ ಬರುತ್ತದೆ. ತಕ್ಕಡಿಯ ಮುಂದೆ ನಿಂತ ರೈತನ ಪ್ರಾರ್ಥನೆ ಗ್ರಾಂ ಇಳಿಯದಿರಲಿ ಎಂದು, ಕಾರಿನಲ್ಲಿ ಕೂತವನದು ಗ್ರಾಂ ಇಳಿಯಲಿ ಎಂದು. ತಮಾಷೆ ಇನ್ನೂ ಇದೆ. ಕಾರಿನ ಡಿಕ್ಕಿಯಲ್ಲಿ, ಸ್ಲೀಪಿಂಗ್ ಬ್ಯಾಗಿನೊಳಗೆ ಹಾಸಿಕೊಳ್ಳುವ ರೇಷ್ಮೆ ಲೈನರ್ ಇದೆ. ನೂರೈವತ್ತು ಗ್ರಾಂ ಇದ್ದೀತು. ಹೊರದೇಶದಿಂದ ತರಿಸಿದ್ದು. ಪಕ್ಕದ ಚನ್ನಪಟ್ಟಣದವರೂ ಆಟಿಕೆಗೆ ಹಗುರವಾದ ಆಲೆಮರವನ್ನೇ ಆರಿಸಿದರು. ಕುದುರೆ ಎಷ್ಟು ಗ್ರಾಂ ಎಂದು ಪಟ್ಟಿ ಅಂಟಿಸಲು ಗೊತ್ತಾಗದೆ ಬಡವರಾಗಿಯೇ ಉಳಿದರು.

ಹಗುರವಾಗಿ ದೂರ ನಡೆಯುವುದನ್ನು ನೋಡಬೇಕಿದ್ದರೆ ಶಿವರಾತ್ರಿ ಹತ್ತಿರ ಬಂದಾಗ ಕನಕಪುರ ರಸ್ತೆಯಲ್ಲಿ ನಿಲ್ಲಬೇಕು. ಮಲೆ ಮಹದೇಶ್ವರ ಬೆಟ್ಟಕ್ಕೆ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೊರಟಿರುತ್ತಾರೆ. ಸಂಗಮದ ಬಳಿ ಕಾವೇರಿ ದಾಟಿ, ಕಾಡು ಹಾದು, ತಾಳುಬೆಟ್ಟದಿಂದ ಏರುವ ಹಲವು ದಿನದ ದಾರಿ. ಹೆಗಲಲ್ಲಿ ಯಾವುದೋ ಅಂಗಡಿಯ ಹೆಸರಿನ ಬಟ್ಟೆಚೀಲ. ಒಳಗೊಂದು ಪಂಚೆ, ಟವೆಲ್ಲು, ಬೆಡ್‌ಶೀಟು, ಒಂದು ಪೊಟ್ಟಣ ವಿಭೂತಿ. ತೂಗಿದರೆ ಬೇಸ್ ವೇಟ್ ಎರಡು ಕಿಲೋ ದಾಟದು, ಬೆಲೆ ಐನೂರು ದಾಟದು. ಕೆಲವರಿಗೆ ಚಪ್ಪಲಿಯೂ ಭಾರ. ಅವರ ಟೆಂಟು ದಾರಿಯ ಊರಿನ ಗುಡಿ ಜಗಲಿ, ಸ್ಟೌ ಯಾರೋ ಹರಕೆ ಹೊತ್ತವರ ಶಾಮಿಯಾನದ ಅಡಿಯ ಕೊಪ್ಪರಿಗೆ. ಅವರ ಭಾರವೆಲ್ಲ ಟ್ರ್ಯಾಕ್ಟರಿನಲ್ಲಿ ಅಕ್ಕಿಮೂಟೆ ತಂದಿಳಿಸಿದವರ ಹೆಗಲ ಮೇಲಿದೆ. ಹಾಗೆ ನೋಡಿದರೆ ಹಿಮಾಲಯದಲ್ಲಿ ನಮ್ಮ ಅಲ್ಟ್ರಾಲೈಟ್ ಮಿತ್ರನ ಬ್ಯಾಗನ್ನು ದಿನಗೂಲಿಗೆ ಹೊರುವ ಹೇಸರಗತ್ತೆಯದೂ ಇದೇ ಕೆಲಸ. ವ್ಯತ್ಯಾಸ ಇಷ್ಟೇ, ಹೇಸರಗತ್ತೆಗೆ ಪುಣ್ಯ ಸಿಗುವುದಿಲ್ಲ.

ಈಚೆಗೆ ಆ ಪಾದಯಾತ್ರೆಗೂ ಬೆಂಗಳೂರಿನ ಕಾರ್ಬನ್ ಫೈಬರ್ ಕೋಲುಗಳು ಸೇರಿಕೊಳ್ಳುತ್ತಿವೆ. ಸೇರಲಿ, ಬೆಟ್ಟದ ಮಾದಪ್ಪ ಯಾರನ್ನೂ ಬೇಡ ಅನ್ನುವವನಲ್ಲ. ಎಂಬತ್ತು ಗ್ರಾಮಿನ ಟೈಟಾನಿಯಂ ಲೋಟ ಹಿಡಿದು ಮಜ್ಜಿಗೆ ಸಾಲಿನಲ್ಲಿ ನಿಂತವನಿಗೆ ಬಡಿಸುವ ಹುಡುಗ ಹೇಳುವುದು ಒಂದೇ ಮಾತು: ‘ಅಣ್ಣ, ಇದು ಕೈಗೂ ಭಾರ ಆಗಲ್ಲ, ಹೊಟ್ಟೆನೂ ತುಂಬಲ್ಲ. ಚೊಂಬಿದ್ರೆ ಕೊಡಿ.’